ಹಿತ್ತಲ ಗಿಡವೂ ಮದ್ದಾದ ಕಥೆ



'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಕೈಗೆ ಸುಲಭವಾಗಿ ಸಿಗುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಇದರ ತಾತ್ಪರ್ಯ. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಈ ಗಾದೆಗೆ ಒಂದು ಒಳ್ಳೆಯ ಉದಾಹರಣೆಯಿದೆ. 2020ರ ಜೂನ್ 16ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಸುದ್ದಿಯನ್ನು ಪ್ರಕಟಿಸಿದರು. ಕೋವಿಡ್ ರೋಗದಿಂದ ಆಸ್ಪತ್ರೆ ಸೇರಿ, ಉಸಿರಾಟಕ್ಕೆ ಯಂತ್ರದ ಆಸರೆ ಪಡೆದಿದ್ದ ರೋಗಿಗಳ ಸಾವನ್ನು ಕಡಿಮೆ ಮಾಡುವ ಔಷಧವೊಂದು ಸಿಕ್ಕಿದೆ ಎಂಬುದೇ ಆ ಸುದ್ದಿ. ಅದು ಹೊಸದಾಗಿ ಕಂಡುಹಿಡಿದ ಔಷಧವಾಗಿರಲಿಲ್ಲ. ಸುಮಾರು ಅರವತ್ತು ವರ್ಷಗಳಿಂದ ಬಳಕೆಯಲ್ಲಿದ್ದ, ನಮ್ಮ ಊರಿನ ಔಷಧದ ಅಂಗಡಿಯಲ್ಲೂ ಅಗ್ಗವಾಗಿ ಸಿಗುತ್ತಿದ್ದ ಡೆಕ್ಸಾಮೆಥಾಸೋನ್!

ಕೈಯಳತೆಯಲ್ಲೇ ಇದ್ದ ಮದ್ದನ್ನು ಮೊದಲ ದಿನವೇ ಏಕೆ ಬಳಸಲಿಲ್ಲ? ಅದೇ ಕಾಲದಲ್ಲಿ ಎಲ್ಲರೂ ನಂಬಿದ್ದ ಬೇರೆ ಹಳೆಯ ಔಷಧಗಳು ಏಕೆ ಸೋತವು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ, 'ಮದ್ದು ಕೆಲಸ ಮಾಡುತ್ತದೆ ಎಂದು ನಮಗೆ ಗೊತ್ತಾಗುವುದು ಹೇಗೆ?' ಎಂಬ ಮೂರನೆಯ ಪ್ರಶ್ನೆ ಎದುರಾಗುತ್ತದೆ. ನಮ್ಮ ಈ ಬರಹದ ನಿಜವಾದ ವಿಷಯ ಅದೇ.

ಕಪಾಟಿನಲ್ಲಿ ಮರೆತಿದ್ದ ಔಷಧ

ಹೊಸ ಔಷಧವೊಂದು ಪ್ರಯೋಗಶಾಲೆಯಿಂದ ಹೊರಟು ರೋಗಿಯ ಹಾಸಿಗೆಯನ್ನು ತಲುಪಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ಮೊದಲು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಬಳಿಕ ಪ್ರಾಣಿಗಳ ಮೇಲೆ, ಆಮೇಲೆ ಕೆಲವು ಆರೋಗ್ಯವಂತರ ಮೇಲೆ, ಕೊನೆಗೆ ರೋಗಿಗಳ ಮೇಲೆ ಅದರ ಪರೀಕ್ಷೆ ನಡೆಯಬೇಕು. ಸಾಂಕ್ರಾಮಿಕ ರೋಗವಾದರೋ ಹತ್ತು ವರ್ಷ ಕಾಯುವುದಿಲ್ಲ. ಆದ್ದರಿಂದ, ಬೇರೊಂದು ಕಾಯಿಲೆಗೆಂದು ತಯಾರಾಗಿ ಈಗಾಗಲೇ ಬಳಕೆಯಲ್ಲಿರುವ ಔಷಧ ಈ ಕಾಯಿಲೆಗೂ ಆದೀತೆ ಎಂದು ವೈದ್ಯರು ನೋಡುತ್ತಾರೆ. ಅದರ ಪ್ರಮಾಣ ಎಷ್ಟು, ಅಡ್ಡ ಪರಿಣಾಮಗಳೇನು ಎಂಬುದು ಆಗಲೇ ಗೊತ್ತಿರುತ್ತದೆ. ಅರ್ಧ ದಾರಿ ಮೊದಲೇ ಸವೆಸಿದಂತೆ.

ಇದಕ್ಕೆ ಹಿಂದೆಯೂ ಒಂದು ಪ್ರಸಿದ್ಧ ಉದಾಹರಣೆ ನಡೆದಿತ್ತು. 1964ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜೆರೋಮ್ ಹಾರ್ವಿಟ್ಸ್ ಎಂಬ ವಿಜ್ಞಾನಿ ಕ್ಯಾನ್ಸರಿಗೆಂದು ಒಂದು ರಾಸಾಯನಿಕವನ್ನು ತಯಾರಿಸಿದರು. ಜೀವಕೋಶವು ತನ್ನ ಡಿಎನ್‌ಎಯನ್ನು ಕಟ್ಟುವಾಗ ಬಳಸುವ 'ಇಟ್ಟಿಗೆ'ಯನ್ನು ಹೋಲುವ ಹುಸಿ ಇಟ್ಟಿಗೆ ಅದು. ಗೋಡೆಯಲ್ಲಿ ಅದು ಸೇರಿತೆಂದರೆ ಅದರ ಮೇಲೆ ಇನ್ನೊಂದು ಇಟ್ಟಿಗೆ ಕೂರುವುದಿಲ್ಲ, ಗೋಡೆ ಅಲ್ಲಿಗೇ ನಿಲ್ಲುತ್ತದೆ. ಉಪಾಯವೇನೋ ಚೆನ್ನಾಗಿತ್ತು. ಆದರೆ ರಕ್ತದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಅದು ಕೆಲಸ ಮಾಡಲಿಲ್ಲ. ಔಷಧ ಕಪಾಟು ಸೇರಿತು.

1981ರಲ್ಲಿ ಏಡ್ಸ್ ರೋಗ ಗುರುತಿಗೆ ಬಂತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಅದರ ವೈರಸ್ಸನ್ನು ಬೇರ್ಪಡಿಸಿದರು. ಈ ವೈರಸ್ ನಮ್ಮ ಜೀವಕೋಶವನ್ನು ಹೊಕ್ಕು ತನ್ನ ಆರ್‌ಎನ್‌ಎಯಿಂದ ಡಿಎನ್‌ಎಯನ್ನು ಕಟ್ಟಿಕೊಳ್ಳುತ್ತದೆ. ಹಾಗಾದರೆ ಆ ಹಳೆಯ ಹುಸಿ ಇಟ್ಟಿಗೆ ಇಲ್ಲಿ ಉಪಯೋಗಕ್ಕೆ ಬರಬಹುದಲ್ಲವೆ? ಬಂದಿತು. ಎಜೆಡ್‌ಟಿ ಎಂಬ ಹೆಸರಿನ ಆ ಔಷಧವನ್ನು 282 ರೋಗಿಗಳಲ್ಲಿ ಪರೀಕ್ಷಿಸಿದರು. 145 ಮಂದಿಗೆ ನಿಜವಾದ ಔಷಧ, 137 ಮಂದಿಗೆ ನೋಡಲು ಹಾಗೆಯೇ ಇದ್ದ ಹುಸಿಮದ್ದು. ಕೆಲವೇ ತಿಂಗಳಲ್ಲಿ ಹುಸಿಮದ್ದು ಪಡೆದವರಲ್ಲಿ 19 ಜನ ಸತ್ತರು. ಔಷಧ ಪಡೆದವರಲ್ಲಿ ಸತ್ತವರು ಒಬ್ಬರೇ. ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಡಲು ನಿರ್ಧರಿಸಿದರು. 1987ರ ಮಾರ್ಚ್‌ನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ವೈರಸ್ ಬೇಗನೆ ತನ್ನ ರೂಪವನ್ನು ಬದಲಿಸಿಕೊಂಡು ಔಷಧಕ್ಕೆ ಬಗ್ಗದೆ ಹೋದುದು, ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ 1996ರ ಹೊತ್ತಿಗೆ ಬಂದುದು ಮುಂದಿನ ಕಥೆ. ಸೋತು ಕಪಾಟು ಸೇರಿದ ಔಷಧವೂ ಜೀವ ಉಳಿಸಬಲ್ಲದು ಎಂಬ ಪಾಠ ಮಾತ್ರ ಉಳಿಯಿತು.

ಕೀಲುನೋವಿನ ಮದ್ದು

ಇನ್ನು ಡೆಕ್ಸಾಮೆಥಾಸೋನ್ ವಂಶದ ಕಥೆಗೆ ಬರೋಣ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳಿವೆ. ಅವು ಸ್ರವಿಸುವ ರಸಗಳಲ್ಲಿ ಕೆಲವನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದರು. ಅಲ್ಲಿನ ವೈದ್ಯ ಫಿಲಿಪ್ ಹೆಂಚ್ ಒಂದು ವಿಚಿತ್ರವನ್ನು ಗಮನಿಸಿದ್ದರು. ಕೀಲುವಾತದಿಂದ ನರಳುವವರಿಗೆ ಕಾಮಾಲೆಯಾದಾಗ, ಅಥವಾ ಹೆಂಗಸರು ಗರ್ಭಿಣಿಯರಾದಾಗ, ನೋವು ತಾನಾಗಿ ತಗ್ಗುತ್ತಿತ್ತು. ದೇಹದಲ್ಲೇ ಹುಟ್ಟುವ ಯಾವುದೋ ವಸ್ತು ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. 1948ರ ಸೆಪ್ಟೆಂಬರ್‌ನಲ್ಲಿ, ನಡೆಯಲೂ ಆಗದೆ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಕೆಂಡಾಲರ ವಸ್ತುವನ್ನು ಚುಚ್ಚಿ ನೋಡಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು! ಮುಂದೆ ಕಾರ್ಟಿಸೋನ್ ಎಂದು ಹೆಸರಾದುದು ಇದೇ ವಸ್ತು. 1950ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವನ್ನು ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್‌ಲೆಂಡಿನ ರೈಕ್‌ಸ್ಟೈನ್ ಹಂಚಿಕೊಂಡರು.

ಆದರೆ ಹರ್ಷ ಬಹಳ ಕಾಲ ಉಳಿಯಲಿಲ್ಲ. ದೀರ್ಘಕಾಲ ಕೊಟ್ಟಾಗ ಮುಖ ಊದುವುದು, ರಕ್ತದಲ್ಲಿ ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಸೋಂಕುಗಳು ಸುಲಭವಾಗಿ ಅಂಟುವುದು, ಹೀಗೆ ಒಂದೊಂದೇ ತೊಂದರೆ ಕಾಣಿಸಿತು. ಕಾರ್ಟಿಸೋನ್ ವಂಶದ ಔಷಧಗಳು ಊತವನ್ನು ಇಳಿಸುವುದು ದೇಹದ ಕಾವಲು ಪಡೆಯ ಕೈ ಕಟ್ಟಿಯೇ. 1950ರ ದಶಕದ ಕೊನೆಯಲ್ಲಿ ಬಂದ ಡೆಕ್ಸಾಮೆಥಾಸೋನ್ ಈ ವಂಶದ ಬಲಶಾಲಿ ಕುಡಿ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ 1977ರಿಂದಲೂ ಇದಕ್ಕೆ ಸ್ಥಾನವಿದೆ.

ಇನ್ನು ವೈರಸ್ ಸೋಂಕಿನ ರೋಗಿಗೆ ಇದನ್ನು ಕೊಡಲು ಯಾರಿಗೆ ತಾನೆ ಧೈರ್ಯ ಬಂದೀತು? ಕಳ್ಳ ಮನೆಯೊಳಗಿರುವಾಗ ಕಾವಲುಗಾರನ ಕೈ ಕಟ್ಟಿದಂತಾಗುವುದಿಲ್ಲವೆ? 2003ರ ಸಾರ್ಸ್ ರೋಗದ ಕಾಲದಲ್ಲಿ ಸ್ಟೀರಾಯ್ಡ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ ಪಡೆದ ಕೆಲವರಿಗೆ ಆಮೇಲೆ ಮೂಳೆಯ ತೊಂದರೆಗಳು ಕಾಣಿಸಿಕೊಂಡಿದ್ದವು. 2020ರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೋವಿಡ್ ರೋಗಿಗಳಿಗೆ ಇವನ್ನು ವಾಡಿಕೆಯಾಗಿ ಕೊಡಬೇಡಿ ಎಂದೇ ಹೇಳಿತ್ತು. ಆದರೂ ಕೆಲವು ವೈದ್ಯರಿಗೆ ಇದರಿಂದ ಒಳ್ಳೆಯದಾದೀತು ಎನಿಸಿತ್ತು. ಎರಡು ಕಡೆಯವರೂ ಅನುಭವಸ್ಥರು, ಎರಡು ಕಡೆಯವರೂ ಪ್ರಾಮಾಣಿಕರು. ಯಾರು ಸರಿ ಎಂದು ತೀರ್ಮಾನಿಸುವವರು ಯಾರು?

ಆತುರದ ದಿನಗಳು

ಆ ದಿನಗಳನ್ನು ನಿಮ್ಮಲ್ಲಿ ಹಲವರು ಮರೆತಿರಲಾರಿರಿ. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದುದು ನಮ್ಮ ಕಲಬುರಗಿಯಲ್ಲಿ. ಜಗತ್ತೆಲ್ಲ ಮದ್ದಿಗಾಗಿ ಹಂಬಲಿಸುತ್ತಿತ್ತು. ಆಗ ಎಲ್ಲರ ಕಣ್ಣು ಬಿದ್ದುದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಇನ್ನೊಂದು ಹಳೆಯ ಔಷಧದ ಮೇಲೆ. ಮಲೇರಿಯಾದ ಔಷಧ ಕ್ಲೋರೋಕ್ವಿನ್‌ನ ಸೋದರ ಇದು. ಕೀಲುವಾತ ಮತ್ತು ಲೂಪಸ್ ರೋಗಿಗಳು ಇದನ್ನು ವರ್ಷಾನುಗಟ್ಟಲೆ ನುಂಗುತ್ತಾರೆ.

ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಇದು ಹೊಸ ವೈರಸ್ಸನ್ನು ತಡೆದಿತ್ತು. ಕೆಲವೇ ರೋಗಿಗಳ ಮೇಲಿನ ಸಣ್ಣ ಅಧ್ಯಯನವೊಂದು ಆಸೆಯನ್ನು ಹೆಚ್ಚಿಸಿತು. ಅಂಗಡಿಗಳಲ್ಲಿ ದಾಸ್ತಾನು ಖಾಲಿಯಾಯಿತು. ಅದನ್ನೇ ನೆಚ್ಚಿಕೊಂಡಿದ್ದ ಲೂಪಸ್ ರೋಗಿಗಳು ಮಾತ್ರೆಗಾಗಿ ಅಲೆದಾಡಿದರು. ಈ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಭಾರತ ಮಾರ್ಚ್ 25ರಂದು ರಫ್ತನ್ನು ನಿರ್ಬಂಧಿಸಿತು. ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ಇಷ್ಟೆಲ್ಲ ನಡೆಯುವಾಗ ಔಷಧ ನಿಜವಾಗಿ ಗುಣ ಮಾಡುತ್ತದೆಯೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ!

'ಮಾತ್ರೆ ತೆಗೆದುಕೊಂಡವರು ಗುಣವಾದರಲ್ಲ, ಇನ್ನೇನು ಬೇಕು?' ಎಂದು ನೀವು ಕೇಳಬಹುದು. ಕೋವಿಡ್ ಬಂದವರಲ್ಲಿ ಬಹುಪಾಲು ಜನ ಯಾವ ಮಾತ್ರೆಯೂ ಇಲ್ಲದೆ ಗುಣವಾಗುತ್ತಿದ್ದರು ಎಂಬುದನ್ನು ನೆನಪಿಡಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ, ಕೊಂಬೆ ಮುರಿದದ್ದು ಕಾಗೆಯ ಭಾರದಿಂದಲೇ ಎಂದು ಹೇಳಲಾದೀತೆ?

ಚೀಟಿ ಎತ್ತುವ ನ್ಯಾಯ

ಈ ಗೊಂದಲವನ್ನು ಬಿಡಿಸುವ ದಾರಿ 2020ಕ್ಕೆ ಬಹಳ ಮೊದಲೇ ಸಿದ್ಧವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಕ್ಷಯರೋಗದ ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಬಹಳ ಕಡಿಮೆ ಇತ್ತು. ಎಲ್ಲರಿಗೂ ಕೊಡುವಷ್ಟಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಒಂದು ಉಪಾಯ ಹೇಳಿದರು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರು ಆರಿಸಬಾರದು. ಅದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಬೇಕು. ಏಕೆ? ವೈದ್ಯರೇ ಆರಿಸಿದರೆ, ಅರಿವಿಲ್ಲದೆಯೇ ಗಟ್ಟಿಮುಟ್ಟಾದವರನ್ನೋ ತೀರ ಬಳಲಿದವರನ್ನೋ ಒಂದು ಕಡೆಗೆ ಸೇರಿಸಿಬಿಡಬಹುದು. ಚೀಟಿಗೆ ಅಂಥ ಪಕ್ಷಪಾತವಿಲ್ಲ. ಗುಂಪು ದೊಡ್ಡದಾದಷ್ಟೂ ಎರಡು ಕಡೆಯೂ ಹಿರಿಯರು ಕಿರಿಯರು, ಬಲಶಾಲಿಗಳು ದುರ್ಬಲರು ಸರಿಸುಮಾರಾಗಿ ಹಂಚಿಹೋಗುತ್ತಾರೆ. ಕೊನೆಯಲ್ಲಿ ಉಳಿಯುವ ವ್ಯತ್ಯಾಸ ಔಷಧದ್ದೇ. 1948ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡಿದ್ದರು.

ನಮ್ಮ ನೆರೆಯ ಮದ್ರಾಸಿನಲ್ಲೂ ಇಂಥ ಒಂದು ಪರೀಕ್ಷೆ ನಡೆಯಿತು. 1956ರಲ್ಲಿ ಆರಂಭವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ ರೋಗಿಗಳನ್ನು ಚೀಟಿಯ ಕ್ರಮದಲ್ಲೇ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರೋಗ್ಯಧಾಮದಲ್ಲೂ ಇನ್ನೊಂದಕ್ಕೆ ಮನೆಯಲ್ಲೇ ಇಟ್ಟೂ ಔಷಧ ಕೊಟ್ಟಿತು. ಮನೆಯ ಚಿಕಿತ್ಸೆಯೂ ಸಾಕಷ್ಟು ಸಫಲ ಎಂದು 1959ರಲ್ಲಿ ಗೊತ್ತಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ಕ್ಷಯ ನಿಯಂತ್ರಣ ಯೋಜನೆಯನ್ನು ರೂಪಿಸುವಾಗ ಈ ತಿಳಿವಳಿಕೆ ಆಧಾರವಾಯಿತು. ಎಷ್ಟೋ ಬಡ ಕುಟುಂಬಗಳು ದೂರದ ಆರೋಗ್ಯಧಾಮದ ದಾರಿ ಹಿಡಿಯುವುದು ಇದರಿಂದ ತಪ್ಪಿತು.

ಒಬ್ಬ ರೋಗಿಗೆ ಔಷಧ ಕೊಟ್ಟು ಪಕ್ಕದವನಿಗೆ ಕೊಡದಿರುವುದು ಕ್ರೌರ್ಯವಲ್ಲವೆ? ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಎದ್ದಿರಬೇಕು, ಏಳಲೇಬೇಕು. ಔಷಧ ಒಳ್ಳೆಯದು ಎಂದು ಖಚಿತವಾಗಿದ್ದರೆ ಅದು ಕ್ರೌರ್ಯವೇ ಸರಿ. ಒಳ್ಳೆಯದೋ ಕೆಟ್ಟದ್ದೋ ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ, ರೋಗಿಗೆ ವಿವರಿಸಿ ಒಪ್ಪಿಗೆ ಪಡೆದು, ಇಂಥ ಪರೀಕ್ಷೆ ಮಾಡಬಹುದು. ಉತ್ತರ ಸ್ಪಷ್ಟವಾದ ಕೂಡಲೇ ನಿಲ್ಲಿಸಲೂ ಬೇಕು.

ಉತ್ತರ ಸಿಕ್ಕಿದ್ದು ಹೀಗೆ

2020ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ 'ರಿಕವರಿ' ಎಂಬ ಪರೀಕ್ಷೆಯನ್ನು ಆರಂಭಿಸಿದರು. ಕರಡು ಸಿದ್ಧವಾದ ಒಂಬತ್ತೇ ದಿನಗಳಲ್ಲಿ ಮೊದಲ ರೋಗಿಯ ನೋಂದಣಿಯಾಯಿತು. ಕೈಬಿಡುವಿಲ್ಲದೆ ದುಡಿಯುತ್ತಿದ್ದ ವೈದ್ಯರಿಗೂ ದಾದಿಯರಿಗೂ ಹೊರೆಯಾಗದಂತೆ ಕ್ರಮವನ್ನು ಬಹಳ ಸರಳ ಮಾಡಿದ್ದರು. ರೋಗಿಯ ಕೆಲವೇ ವಿವರಗಳನ್ನು ತುಂಬಿದರೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತಿತ್ತು. 28 ದಿನಗಳ ನಂತರ ಮುಖ್ಯವಾಗಿ ಕೇಳುತ್ತಿದ್ದುದು, ರೋಗಿ ಬದುಕಿದ್ದಾನೆಯೆ ಎಂಬ ಒಂದೇ ಪ್ರಶ್ನೆ. ಬ್ರಿಟನ್ನಿನ 175ಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಜೂನ್ ಹೊತ್ತಿಗೆ 11,000ಕ್ಕೂ ಹೆಚ್ಚು ರೋಗಿಗಳು ಇದರಲ್ಲಿ ಸೇರಿದ್ದರು.

ಮೊದಲು ಬಂದುದು ನಿರಾಶೆಯ ಉತ್ತರ. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ರೋಗಿಗಳಲ್ಲಿ ನೂರಕ್ಕೆ 27, ಪಡೆಯದ 3,155 ರೋಗಿಗಳಲ್ಲಿ ನೂರಕ್ಕೆ 25 ಮಂದಿ ತೀರಿಕೊಂಡಿದ್ದರು. ಲಾಭವಿಲ್ಲ ಎಂದು ಜೂನ್ 5ರಂದು ಪ್ರಕಟವಾಯಿತು. ಏಡ್ಸ್‌ನ ಔಷಧಗಳಾದ ಲೊಪಿನಾವಿರ್ ಮತ್ತು ರಿಟೊನಾವಿರ್ ಜೋಡಿಯೂ ಅದೇ ತಿಂಗಳು ಸೋತಿತು. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮನುಷ್ಯನ ಮೈಯಲ್ಲಿ ಗೆಲ್ಲಲೇಬೇಕೆಂಬ ನಿಯಮವಿಲ್ಲ.

ಇವೆರಡರ ನಡುವೆ ಬಂದುದೇ ಡೆಕ್ಸಾಮೆಥಾಸೋನ್‌ನ ಫಲಿತಾಂಶ. 2,104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಅದನ್ನು ಕೊಟ್ಟಿದ್ದರು. 4,321 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ಅಂಕಿಗಳನ್ನು ನಿಧಾನವಾಗಿ ಓದಿ:

ವೆಂಟಿಲೇಟರ್ ಮೇಲಿದ್ದವರಲ್ಲಿ ಎಂದಿನ ಚಿಕಿತ್ಸೆಯಿಂದ ನೂರಕ್ಕೆ 41.4 ಸಾವು, ಡೆಕ್ಸಾಮೆಥಾಸೋನ್ ಪಡೆದವರಲ್ಲಿ 29.3.

ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಎಂದಿನ ಚಿಕಿತ್ಸೆಯಿಂದ 26.2, ಡೆಕ್ಸಾಮೆಥಾಸೋನ್ ಪಡೆದವರಲ್ಲಿ 23.3.

ಆಮ್ಲಜನಕವೂ ಬೇಡವಾಗಿದ್ದವರಲ್ಲಿ ಎಂದಿನ ಚಿಕಿತ್ಸೆಯಿಂದ 14.0, ಡೆಕ್ಸಾಮೆಥಾಸೋನ್ ಪಡೆದವರಲ್ಲಿ 17.8.

ಮೊದಲ ಸಾಲು ಸಂತೋಷ ತರುತ್ತದೆ. ವೆಂಟಿಲೇಟರ್ ಮೇಲಿದ್ದ ನೂರು ಜನರಲ್ಲಿ ಸುಮಾರು ಹನ್ನೆರಡು ಜೀವಗಳು ಉಳಿದವು. ಮೂರನೆಯ ಸಾಲು ಎಚ್ಚರ ಹೇಳುತ್ತದೆ. ಸೌಮ್ಯ ಕಾಯಿಲೆಯವರಿಗೆ ಇದರಿಂದ ಲಾಭವಿಲ್ಲ, ಹಾನಿಯೂ ಆಗಬಹುದು.

ಒಂದೇ ಔಷಧ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ಬೇಡದ ವಸ್ತುವಾದುದು ಹೇಗೆ? ರೋಗದ ಮೊದಲ ವಾರದಲ್ಲಿ ಮುಖ್ಯ ಶತ್ರು ವೈರಸ್. ಆಗ ಕಾವಲು ಪಡೆ ಬೇಕೇ ಬೇಕು. ಕೆಲವರಲ್ಲಿ ಅದಾದ ಮೇಲೆ ಪಡೆಯೇ ಹದ್ದುಮೀರಿ, ಶ್ವಾಸಕೋಶದಲ್ಲಿ ಊತವೆಬ್ಬಿಸಿ, ಉಸಿರನ್ನೇ ಕಟ್ಟುತ್ತದೆ. ಆ ಹಂತದಲ್ಲಿ ಪಡೆಯ ಕೈ ಕಟ್ಟುವುದೇ ಚಿಕಿತ್ಸೆ. ಡೆಕ್ಸಾಮೆಥಾಸೋನ್ ವೈರಸ್ಸನ್ನು ಕೊಲ್ಲುವುದಿಲ್ಲ, ದೇಹವನ್ನು ಅದರ ಸ್ವಂತ ಕೋಪದಿಂದ ಕಾಪಾಡುತ್ತದೆ. ಸ್ಟೀರಾಯ್ಡ್ ಕೊಡಬೇಡಿ ಎಂದ ವೈದ್ಯರೂ ಕೊಡಿ ಎಂದ ವೈದ್ಯರೂ ಸತ್ಯದ ಒಂದೊಂದು ತುಂಡನ್ನು ಹಿಡಿದಿದ್ದರು. ಯಾವ ತುಂಡು ಯಾವ ರೋಗಿಗೆ ಸಲ್ಲುತ್ತದೆ ಎಂಬುದನ್ನು ಹೇಳಿದ್ದು ಚೀಟಿ.

ಭಾರತ ಜೂನ್ 27ರಂದು ಈ ಔಷಧವನ್ನು ಚಿಕಿತ್ಸಾ ಕ್ರಮದಲ್ಲಿ ಸೇರಿಸಿತು. ಇದರಿಂದ 2021ರ ಮಾರ್ಚ್‌ವರೆಗೆ ಜಗತ್ತಿನಲ್ಲಿ ಸುಮಾರು ಹತ್ತು ಲಕ್ಷ ಜೀವಗಳು ಉಳಿದವೆಂದು ಇಂಗ್ಲೆಂಡಿನ ಆರೋಗ್ಯ ಸೇವೆ ಅಂದಾಜು ಮಾಡಿತು. ಮುಂದೆ ಕೀಲುವಾತದ ಇನ್ನೂ ಎರಡು ಔಷಧಗಳು, ಟೊಸಿಲಿಜುಮಾಬ್ ಮತ್ತು ಬ್ಯಾರಿಸಿಟಿನಿಬ್, ಇದೇ ಪರೀಕ್ಷೆಯಲ್ಲಿ ಗೆದ್ದವು. ಆಸ್ಪಿರಿನ್, ಕಾಲ್ಚಿಸಿನ್, ಅಜಿತ್ರೊಮೈಸಿನ್ ಸೋತವು.

ನಮ್ಮಲ್ಲಿ ನಡೆದದ್ದು

ಈ ಕಥೆಯಲ್ಲಿ ಭಾರತಕ್ಕೂ ಹೆಮ್ಮೆಪಡುವ ಒಂದು ಪುಟವಿದೆ. ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗೆ ಕೊಡುವುದು ಶತಮಾನದಷ್ಟು ಹಳೆಯ ಉಪಾಯ. 1918ರ ಇನ್‌ಫ್ಲುಯೆಂಜಾ ಕಾಲದಲ್ಲೂ ಅದನ್ನು ಪ್ರಯತ್ನಿಸಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಇದನ್ನು ಚೀಟಿಯ ಕ್ರಮದಲ್ಲಿ ಪರೀಕ್ಷಿಸಿತು. ಪ್ಲಾಸ್ಮಾ ಪಡೆದವರಲ್ಲಿ ರೋಗ ಉಲ್ಬಣಿಸಿದವರು ಅಥವಾ ಸತ್ತವರು 44 ಮಂದಿ, ಪಡೆಯದವರಲ್ಲಿ 41. ಲಾಭವೇನೂ ಕಾಣಲಿಲ್ಲ. ಉತ್ತರ ಅದೇ ವರ್ಷ ಪ್ರಕಟವಾಯಿತು. ಆದರೂ ಪ್ಲಾಸ್ಮಾ ನಮ್ಮ ಚಿಕಿತ್ಸಾ ಕ್ರಮದಿಂದ ಹೊರಹೋದದ್ದು 2021ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎರಡನೆಯ ಅಲೆಯಲ್ಲಿ ಎಷ್ಟೋ ಕುಟುಂಬಗಳು ಪ್ಲಾಸ್ಮಾಕ್ಕಾಗಿ ರಾತ್ರಿ ಹಗಲು ಅಲೆದಿದ್ದವು. ಉತ್ತರ ಸಿಕ್ಕರಷ್ಟೇ ಸಾಲದು, ಅದನ್ನು ಕೇಳುವ ಮನಸ್ಸೂ ಬೇಕು.

ಇನ್ನೊಂದು ಪುಟ ನೋವಿನದು. 2021ರಲ್ಲಿ ಡೆಕ್ಸಾಮೆಥಾಸೋನ್ ವಂಶದ ಔಷಧಗಳನ್ನು ಬೇಡದವರಿಗೂ, ಬೇಗನೆಯೂ, ಹೆಚ್ಚಾಗಿಯೂ ಬಳಸಿದ್ದುಂಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇದು ವಿಪರೀತಕ್ಕೆ ದಾರಿಯಾಯಿತು. ಆ ವರ್ಷ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ 'ಕಪ್ಪು ಶಿಲೀಂಧ್ರ' ಎಂದು ಹೆಸರಾದ ಸೋಂಕು ಹರಡಿ ಹಲವರು ಕಣ್ಣನ್ನೂ ಪ್ರಾಣವನ್ನೂ ಕಳೆದುಕೊಂಡರು. ಅದಕ್ಕೆ ಹತೋಟಿ ಮೀರಿದ ಸಕ್ಕರೆ ಕಾಯಿಲೆಯೊಂದಿಗೆ ಸ್ಟೀರಾಯ್ಡ್‌ಗಳ ದುರ್ಬಳಕೆಯೂ ಮುಖ್ಯ ಕಾರಣವೆಂದು ತಜ್ಞರು ಗುರುತಿಸಿದರು. ಪರೀಕ್ಷೆಯ ಮೊದಲ ಸಾಲನ್ನು ಎಲ್ಲರೂ ಓದಿದ್ದರು, ಮೂರನೆಯ ಸಾಲನ್ನು ಕೆಲವರು ಓದದೆ ಬಿಟ್ಟಿದ್ದರು.

ಮಿತ್ರರೇ, ಮುಂದೊಂದು ದಿನ ಇನ್ನೊಂದು ವೈರಸ್ ಬರಬಹುದು. ಆಗಲೂ ಹಳೆಯ ಕಪಾಟುಗಳನ್ನು ತೆರೆದು ನೋಡಬೇಕಾಗುತ್ತದೆ. ನಿಮ್ಮಲ್ಲೇ ಯಾರಾದರೂ ವೈದ್ಯರೋ ದಾದಿಯೋ ಔಷಧ ವಿಜ್ಞಾನಿಯೋ ಆಗಿ ಆ ಕಪಾಟಿನ ಮುಂದೆ ನಿಂತಿರಬಹುದು. ರೋಗಿಯ ಮನೆಯವರಾಗಿ ಬಾಗಿಲ ಹೊರಗೆ ಕಾದಿರಲೂಬಹುದು. ಆಗ 'ಇದನ್ನು ಕೊಟ್ಟು ನೋಡೋಣ' ಎನ್ನುವ ಧ್ವನಿ ಜೋರಾಗಿ ಕೇಳಿಸುತ್ತದೆ. 'ಹೋಲಿಸಿ ನೋಡಿದ್ದೀರಾ?' ಎಂದು ಕೇಳುವ ಧ್ವನಿ ಮೆಲ್ಲಗಿರುತ್ತದೆ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ.

ನೀವೇ ಯೋಚಿಸಿ

1. ಎಜೆಡ್‌ಟಿ ಪರೀಕ್ಷೆಯಲ್ಲಿ ಹುಸಿಮದ್ದು ಪಡೆದವರ ಗುಂಪು ಇರದಿದ್ದರೆ, ಔಷಧದ ಗುಣ ಅಷ್ಟು ಬೇಗ ತಿಳಿಯುತ್ತಿತ್ತೆ?

2. ಡೆಕ್ಸಾಮೆಥಾಸೋನ್ ಪರೀಕ್ಷೆಯಲ್ಲಿ ಎಲ್ಲ ರೋಗಿಗಳನ್ನೂ ಒಟ್ಟಾಗಿ ತೆಗೆದುಕೊಂಡರೆ ಸಾವು ನೂರಕ್ಕೆ 25.7ರಿಂದ 22.9ಕ್ಕೆ ಇಳಿದಿತ್ತು. ಈ ಒಂದೇ ಅಂಕಿಯನ್ನು ನೋಡಿದ ವೈದ್ಯರು ಯಾವ ತಪ್ಪು ಮಾಡಬಹುದು?

3. ನಿಮ್ಮ ಮನೆಯಲ್ಲಿ ಯಾವುದಾದರೂ ಕಾಯಿಲೆಗೆ 'ಇದೇ ಮದ್ದು' ಎಂಬ ನಂಬಿಕೆ ಇದೆಯೆ? ಅದನ್ನು ಪರೀಕ್ಷಿಸಬೇಕಾದರೆ ಎರಡು ಗುಂಪುಗಳನ್ನು ಹೇಗೆ ಮಾಡುವಿರಿ? ಏನನ್ನು ಎಣಿಸುವಿರಿ?